ಪೊರೆ ಚೂರು ಚೂರಾಗಿ ಬಂದಾಗ ತಪ್ಪು ಹುಡುಕುವುದು ಹೇಗೆ: ಸಾಕಿದ ಹಾವಿಗೊಂದು ದೋಷ ನಿವಾರಣೆ ಕೈಪಿಡಿ

ಕಾರವಾರದಲ್ಲಿದ್ದ ಮೂರು ವರ್ಷ ನಮ್ಮ ಜೋನಿ ಪ್ರತಿ ಸಲವೂ ಒಂದೇ ತುಂಡಾಗಿ ಪೊರೆ ಬಿಟ್ಟಿತ್ತು. ಮೂತಿಯಿಂದ ಬಾಲದ ತುದಿವರೆಗೆ, ಕಾಲುಚೀಲ ಮಗುಚಿ ತೆಗೆದ ಹಾಗೆ. ಶಿರಸಿಗೆ ಮನೆ ಬದಲಿಸಿದ ಮೊದಲ ಜನವರಿಯಲ್ಲಿ ಎಲ್ಲ ಕೆಟ್ಟಿತು. ಅದೇ ಹಾವು, ಅದೇ ಪೆಟ್ಟಿಗೆ, ಅದೇ ಬಲ್ಬು. ಪೊರೆ ಮಾತ್ರ ಹದಿನಾಲ್ಕು ಚೂರಾಗಿ ಬಂತು. ಕುತ್ತಿಗೆ ಹತ್ತಿರ ಒಂದು ಪಟ್ಟಿ ಅಂಟಿಕೊಂಡೇ ಇತ್ತು. ಬಾಲದ ತುದಿಯಲ್ಲಿ ಒಂದು ಉಂಗುರ. ಎಡಗಣ್ಣು ಮಂಕಾಗಿಯೇ ಉಳಿದಿತ್ತು.

ಜೋನಿ ಒಂದು ಬಾಲ್ ಪೈಥಾನ್. ಜೋನಿ ಬೆಲ್ಲದ ಬಣ್ಣ ಇದೆ ಅಂತ ಆ ಹೆಸರು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು ಇದು, ವಿಷ ಇಲ್ಲ. ಆವತ್ತು ನಾನು ಒಂದೊಂದಾಗಿ ಕಾರಣ ಹುಡುಕುತ್ತಾ ಹೋದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಾರ್ನ್ ಸ್ನೇಕ್ ಸಾಕಿದವರಿಗೂ ಇದರ ಹೆಚ್ಚಿನ ಭಾಗ ಹೊಂದುತ್ತದೆ, ತೇವಾಂಶದ ಅಂಕಿ ಮಾತ್ರ ಸ್ವಲ್ಪ ಕಡಿಮೆ.

ಮೊದಲೇ ಒಂದು ಮಾತು. ಕೇರೆ, ನಾಗರ, ನಮ್ಮ ಕಾಡಿನ ಹೆಬ್ಬಾವು ಇವುಗಳನ್ನು ಮನೆಯಲ್ಲಿ ಸಾಕುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ತಡೆಯುತ್ತದೆ. ಬಾಲ್ ಪೈಥಾನ್‌ನಂಥ ಹೊರದೇಶದ ಹಾವು ಇದ್ದರೂ 2024ರಲ್ಲಿ ಬಂದ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಜಾಲತಾಣದಲ್ಲಿ ನೋಂದಣಿ ಮಾಡಿಸಬೇಕು. ತೋಟದ ಚಿರೆಕಲ್ಲಿನ ಗೋಡೆ ಸಂದಿಯಲ್ಲಿ ಕಣ್ಣು ಮಂಜಾದ ಕೇರೆ ಹಾವು ಕಂಡರೆ ಅದಕ್ಕೆ ನಮ್ಮ ಸಹಾಯ ಏನೂ ಬೇಡ. ದೂರ ಸರಿದರೆ ಸಾಕು.

ಇದು ಪೊರೆಯೋ, ಕಾಯಿಲೆಯೋ?

ಹೊಸದಾಗಿ ಹಾವು ಸಾಕಿದವರು ಹೆದರಿ ಫೋನ್ ಮಾಡುವುದು ಸಾಮಾನ್ಯವಾಗಿ ಈ ಹಂತದಲ್ಲಿ. ಹಾವು ತಿನ್ನುತ್ತಿಲ್ಲ, ಹೊರಗೆ ಬರುತ್ತಿಲ್ಲ, ಬಣ್ಣ ಕೆಟ್ಟಿದೆ, ಮುಟ್ಟಿದರೆ ಬುಸ್ ಅನ್ನುತ್ತಿದೆ. ಇವೆಲ್ಲ ಒಟ್ಟಿಗೆ ಬಂದಿದ್ದರೆ ಹೆಚ್ಚಾಗಿ ಅದು ಪೊರೆಯೇ.

ಕ್ರಮ ಹೀಗಿರುತ್ತದೆ. ಮೊದಲು ಮೈ ಮಂಕಾಗುತ್ತದೆ, ಬಾಲ್ ಪೈಥಾನ್‌ನ ಹೊಟ್ಟೆ ತಿಳಿ ಗುಲಾಬಿಗೆ ತಿರುಗುತ್ತದೆ. ಆಮೇಲೆ ಕಣ್ಣು ನೀಲಿ ಬೆರೆತ ಹಾಲಿನ ಹಾಗೆ ಕಾಣುತ್ತದೆ. ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಗಾಜಿನಂಥ ಒಂದು ಬಿಲ್ಲೆ ಇದೆ, ಅದೂ ಚರ್ಮದ ಭಾಗ. ಹಳೆ ಚರ್ಮ ಮತ್ತು ಹೊಸ ಚರ್ಮದ ನಡುವೆ ದ್ರವ ತುಂಬಿಕೊಂಡಾಗ ಆ ಬಿಲ್ಲೆಯೂ ಮಂಜಾಗುತ್ತದೆ. ನಮ್ಮ ಅಜ್ಜಿ ಇದನ್ನು ನೋಡಿ "ಇದಕ್ಕೆ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸು" ಅಂದಿದ್ದರು. ಮನುಷ್ಯರ ಕಣ್ಣಿನ ಪೊರೆಗೂ ಇದಕ್ಕೂ ಸಂಬಂಧ ಇಲ್ಲ. ಮೂರು ನಾಲ್ಕು ದಿನದಲ್ಲಿ ಇದು ತಾನಾಗಿಯೇ ತಿಳಿಯಾಗುತ್ತದೆ.

ತಿಳಿಯಾದ ಮೇಲೆ ಇನ್ನೂ ಎರಡರಿಂದ ನಾಲ್ಕು ದಿನ ಬೇಕು, ಆಗ ಪೊರೆ ಬಿಡುತ್ತದೆ. ಇಲ್ಲೇ ತುಂಬಾ ಜನ ತಪ್ಪುತ್ತಾರೆ. ಕಣ್ಣು ತಿಳಿಯಾಯಿತು ಅಂದರೆ ಮುಗಿಯಿತು ಅಂದುಕೊಂಡು ತೇವ ನೋಡಿಕೊಳ್ಳುವುದನ್ನು ನಿಲ್ಲಿಸಿಬಿಡುತ್ತಾರೆ. ಪೊರೆ ನಿಜವಾಗಿ ಜಾರಬೇಕಾದ ದಿನಗಳೇ ಇವು. ಶುರುವಿನಿಂದ ಕೊನೆವರೆಗೆ ಒಟ್ಟು ಒಂದರಿಂದ ಎರಡು ವಾರ ಹಿಡಿಯುತ್ತದೆ.

ಸಿಟ್ಟಿನ ವಿಷಯ. ಕಣ್ಣು ಮಂಜಾದಾಗ ಹಾವಿಗೆ ಸರಿಯಾಗಿ ಕಾಣುವುದಿಲ್ಲ. ಆದರೆ ಬಾಲ್ ಪೈಥಾನ್‌ನ ಮೇಲ್ದುಟಿಯಲ್ಲಿ ಶಾಖ ಗುರುತಿಸುವ ಕುಳಿಗಳಿವೆ. ಅವು ಆಗಲೂ ಕೆಲಸ ಮಾಡುತ್ತಿರುತ್ತವೆ. ಅದರ ಪಾಲಿಗೆ ನಿಮ್ಮ ಕೈ ಅಂದರೆ ಯಾವ ಕಡೆಯಿಂದ ಬಂತೆಂದು ಗೊತ್ತಿಲ್ಲದ, ಹತ್ತಿರ ಬರುತ್ತಿರುವ ಒಂದು ಬಿಸಿ ವಸ್ತು. ಹೆದರಿ ಕಚ್ಚುತ್ತದೆ. ಸ್ವಭಾವ ಕೆಟ್ಟಿಲ್ಲ. ಆ ವಾರ ಎತ್ತಬೇಡಿ. ಮೂತಿಯ ಹತ್ತಿರದ ಚರ್ಮ ಒಣಗಿ ಉಸಿರಾಡುವಾಗ ಸಣ್ಣ ಸೀಟಿಯಂಥ ಸದ್ದು ಬಂದರೂ ಆ ದಿನಗಳಲ್ಲಿ ಗಾಬರಿ ಬೇಡ. ಪೊರೆ ಬಿಟ್ಟ ಮೇಲೂ ಸದ್ದು ನಿಲ್ಲದಿದ್ದರೆ ಅದು ಬೇರೆ ಮಾತು.

ಊಟ ಇಡಲೇಬೇಡಿ. ಬಾಲ್ ಪೈಥಾನ್ ಈ ಸಮಯದಲ್ಲಿ ಉಪವಾಸ ಇರುವುದೇ ಜಾಸ್ತಿ. ದೊಡ್ಡ ಹಾವು ಎರಡು ಮೂರು ವಾರ ತಿನ್ನದಿದ್ದರೂ ಸೊರಗುವುದಿಲ್ಲ. ಪೊರೆ ಬಿಟ್ಟ ಒಂದೆರಡು ದಿನಕ್ಕೆ ಇಟ್ಟು ನೋಡಿ.

ಆದರೆ ಇವುಗಳಲ್ಲಿ ಒಂದು ಕಂಡರೂ ಪೊರೆಯ ಲೆಕ್ಕಕ್ಕೆ ಹಾಕಬೇಡಿ: ಬಾಯಿ ತೆರೆದು ಉಸಿರಾಡುವುದು, ಮೂಗಲ್ಲಿ ಅಥವಾ ಬಾಯಲ್ಲಿ ಗುಳ್ಳೆ, ತಲೆ ಮೇಲಕ್ಕೆ ತಿರುಚಿ ಹಾಗೇ ನಿಲ್ಲಿಸುವುದು, ಹೊಟ್ಟೆಯಲ್ಲಿ ಕೆಂಪು ಹುಣ್ಣು, ತೂಕ ಹತ್ತನೇ ಒಂದು ಭಾಗದಷ್ಟು ಇಳಿಯುವುದು. ಇವಕ್ಕೆ ಸರೀಸೃಪಗಳ ಅನುಭವ ಇರುವ ಪಶುವೈದ್ಯರೇ ಬೇಕು. ನಮ್ಮ ಕಡೆ ದನ, ನಾಯಿ ನೋಡುವ ಡಾಕ್ಟರ್ ಸಿಗುತ್ತಾರೆ. ಹಾವು ನೋಡುವವರು ಅಪರೂಪ. ಹಾವು ಚೆನ್ನಾಗಿದ್ದಾಗಲೇ ನಾಲ್ಕು ಕಡೆ ಫೋನ್ ಮಾಡಿ ಯಾರು ನೋಡುತ್ತಾರೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಘಟ್ಟದ ರಸ್ತೆಯಲ್ಲಿ ರಾತ್ರಿ ಹುಡುಕುತ್ತಾ ಹೊರಡುವುದು ಬೇಡ.

ಮಂಜು ಬೀಳುವ ಊರಲ್ಲಿ ಒಣ ಪೆಟ್ಟಿಗೆ

ಈಗ ನನ್ನ ಜನವರಿಗೆ ಬರುತ್ತೇನೆ. ಪೊರೆ ಚೂರಾದರೆ ಮೊದಲು ಅನುಮಾನ ಪಡಬೇಕಾದದ್ದು ಒಣ ಗಾಳಿಯನ್ನು. ನಾನು ಪಡಲಿಲ್ಲ. ಬೆಳಗ್ಗೆ ಎದ್ದರೆ ಅಂಗಳದಲ್ಲಿ ಮಂಜು, ಒಣ ಹಾಕಿದ ಬಟ್ಟೆ ಹಸಿಹಸಿ. ಇಂಥ ಊರಲ್ಲಿ ಹಾವಿಗೆ ತೇವ ಸಾಲದು ಅಂದರೆ ಯಾರಾದರೂ ನಂಬುತ್ತಾರಾ? ಎರಡು ದಿನ ಮೈಮೇಲೆ ಹುಳ ಇದೆಯಾ, ಕಾಯಿಲೆ ಇದೆಯಾ ಅಂತಲೇ ತಲೆ ಕೆಡಿಸಿಕೊಂಡೆ. ಆಮೇಲೆ ತೇವಮಾಪಕವನ್ನು ಪೆಟ್ಟಿಗೆಯ ಒಳಗೆ, ಹಾವು ಮಲಗುವ ಮಟ್ಟದಲ್ಲಿ ಇಟ್ಟೆ. ಕಿಟಕಿ ಹತ್ತಿರ ಶೇ. 90 ತೋರಿಸುತ್ತಿದ್ದ ಅದೇ ಮಾಪಕ ಒಳಗೆ ಶೇ. 34ಕ್ಕೆ ಇಳಿಯಿತು.

ಕಾರಣ ಸರಳ. ನಾವು ತೇವಾಂಶ ಅಂತ ಓದುವ ಶೇಕಡಾ ಅಂಕಿ ಗಾಳಿಯ ಬಿಸಿಯನ್ನು ಅವಲಂಬಿಸಿದೆ. ಬಿಸಿ ಗಾಳಿ ಜಾಸ್ತಿ ನೀರು ಹಿಡಿಯಬಲ್ಲದು. 15 ಡಿಗ್ರಿಯಲ್ಲಿ ಶೇ. 90 ತೇವ ಇರುವ ಗಾಳಿಯನ್ನು, ಅದಕ್ಕೆ ಒಂದು ಹನಿ ನೀರೂ ಸೇರಿಸದೆ 32 ಡಿಗ್ರಿಗೆ ಬಿಸಿ ಮಾಡಿದರೆ ಅದು ಶೇ. 32ರ ಹತ್ತಿರ ನಿಲ್ಲುತ್ತದೆ. ಒಳಗಿರುವ ನೀರು ಅಷ್ಟೇ, ಹಿಡಿಸುವ ಜಾಗ ದೊಡ್ಡದಾಯಿತು. ಜಾಲರಿ ಮುಚ್ಚಳದ ಮೇಲೆ ನನ್ನ ಬಲ್ಬು ರಾತ್ರಿಯಿಡೀ ಮಾಡುತ್ತಿದ್ದ ಕೆಲಸ ಇದೇ. ಬಿಸಿಯಾದ ಗಾಳಿ ಮೇಲಿಂದ ಹೋಗುತ್ತಿತ್ತು, ಕೆಳಗಿನಿಂದ ತಣ್ಣನೆಯ ಗಾಳಿ ಬರುತ್ತಿತ್ತು, ಅದೂ ಬಿಸಿಯಾಗಿ ಒಣಗುತ್ತಿತ್ತು.

ಕಾರವಾರದಲ್ಲಿ ಯಾಕೆ ಹೀಗಾಗಲಿಲ್ಲ ಅಂದರೆ, ಅಲ್ಲಿ ಕೋಣೆಯ ಗಾಳಿಯೇ 27 ಡಿಗ್ರಿ ಇರುತ್ತಿತ್ತು, ತೇವ ಶೇ. 85ರ ಸುತ್ತಮುತ್ತ. ಅದನ್ನು 32ಕ್ಕೆ ಏರಿಸಿದರೂ ಶೇ. 64ರಷ್ಟು ಉಳಿಯುತ್ತದೆ. ಬಾಲ್ ಪೈಥಾನ್‌ಗೆ ದಿನನಿತ್ಯಕ್ಕೆ ಬೇಕಿರುವುದು ಶೇ. 55ರಿಂದ 65, ಪೊರೆಯ ಸಮಯದಲ್ಲಿ ಶೇ. 70ರ ಹತ್ತಿರ. ಕಡಲ ಗಾಳಿ ಮೂರು ವರ್ಷ ನನ್ನ ಪರವಾಗಿ ಕೆಲಸ ಮಾಡಿತ್ತು. ನನಗೆ ಗೊತ್ತಾಗಿರಲಿಲ್ಲ.

ಹಾಗಂತ ಕಾರವಾರದವರು ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಕೋಡಿಬಾಗದ ಗೆಳೆಯನೊಬ್ಬನ ಹಾವಿಗೆ ಏಪ್ರಿಲ್ ಸೆಕೆಯಲ್ಲೇ ಪೊರೆ ಅಂಟಿತ್ತು. ಅವನ ಮನೆಯಿಂದ ಕಾಳಿ ನದಿ ಕಾಣುತ್ತದೆ. ಆದರೆ ಹಾವು ಇದ್ದ ಕೋಣೆಯಲ್ಲಿ ರಾತ್ರಿಯಿಡೀ ಎಸಿ. ಎಸಿ ಗಾಳಿಯಿಂದ ನೀರನ್ನು ಹೀರಿ ಪೈಪಿನಲ್ಲಿ ಹೊರಗೆ ಹರಿಸುತ್ತದೆ. 24 ಡಿಗ್ರಿಯಲ್ಲಿ ಶೇ. 50 ಇದ್ದ ಆ ಗಾಳಿ ಬಲ್ಬಿನ ಕೆಳಗೆ ಶೇ. 31 ಆಗಿಬಿಡುತ್ತದೆ. ಪೆಟ್ಟಿಗೆಯನ್ನು ಪಕ್ಕದ ಕೋಣೆಗೆ ಸಾಗಿಸಿದ. ಮುಂದಿನ ಸಲ ಸರಿಹೋಯಿತು.

ಮಾಪಕವನ್ನೂ ಪರೀಕ್ಷಿಸಿ

ಅಗ್ಗದ ಮಾಪಕಗಳು ಹತ್ತು ಹದಿನೈದು ಅಂಕಿ ತಪ್ಪು ತೋರಿಸುವುದು ಹೊಸತಲ್ಲ. ಪರೀಕ್ಷೆ ಸುಲಭ. ಬಾಟಲಿಯ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ನಾಲ್ಕೈದು ಹನಿ ನೀರು ಬಿಟ್ಟು ಹಿಟ್ಟಿನ ಹದಕ್ಕೆ ತನ್ನಿ. ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬದಲ್ಲಿ ಹಾಕಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಶೇ. 75 ತೋರಿಸಬೇಕು. ಎಷ್ಟು ಕಡಿಮೆ ಅಥವಾ ಜಾಸ್ತಿ ತೋರಿಸುತ್ತದೋ ಅಷ್ಟನ್ನು ಮಾಪಕದ ಬೆನ್ನಿಗೆ ಬರೆದು ಅಂಟಿಸಿ. ಸಾಣಿಕಟ್ಟೆಯ ಹರಳುಪ್ಪು ಉಪ್ಪಿನಕಾಯಿಗೆ ಎಷ್ಟೇ ಚೆನ್ನಾಗಿದ್ದರೂ ಈ ಕೆಲಸಕ್ಕೆ ಬೇಡ. ಸಮುದ್ರದ ಉಪ್ಪಿನಲ್ಲಿ ಬೇರೆ ಲವಣಗಳೂ ಇರುತ್ತವೆ, ಅಂಕಿ ಏರುಪೇರಾಗುತ್ತದೆ.

ತೇವ ಏರಿಸುವುದು

ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸುವುದನ್ನು ನಾನು ಬಿಟ್ಟಿದ್ದೇನೆ. ಅರ್ಧ ಗಂಟೆಯಲ್ಲಿ ಆರುತ್ತದೆ, ನೆಲ ಮಾತ್ರ ಒದ್ದೆಯಾಗಿ ಉಳಿಯುತ್ತದೆ. ಜಾಲರಿ ಮುಚ್ಚಳದ ಮುಕ್ಕಾಲು ಭಾಗವನ್ನು ಮುಚ್ಚಿದ್ದೇ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿತು. ಬಲ್ಬಿನ ಸುತ್ತ ಜಾಗ ಬಿಟ್ಟು, ಉಳಿದ ಕಡೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಹಾಕಿದೆ. ಗಾಳಿಗೆ ಒಂದಿಷ್ಟು ಸಂದಿ ಇರಲೇಬೇಕು. ನೀರಿನ ಬಟ್ಟಲು ದೊಡ್ಡದಾಗಿ ತಂದು ಬಿಸಿ ಕಡೆಗೆ ಸರಿಸಿದೆ. ಆ ರಾತ್ರಿಯೇ ಅಂಕಿ 34ರಿಂದ 52ಕ್ಕೆ ಏರಿತು.

ಉಳಿದದ್ದನ್ನು ತೇವದ ಗೂಡು ನೋಡಿಕೊಂಡಿತು. ಕಾಡಿನಲ್ಲಿ ಬಾಲ್ ಪೈಥಾನ್ ಇಲಿ ಬಿಲದಲ್ಲಿ, ಗೆದ್ದಲ ಹುತ್ತದಲ್ಲಿ ಇರುತ್ತದೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಬಿಲದೊಳಗೆ ತೇವ ಇರುತ್ತದೆ. ಆ ಬಿಲವನ್ನು ನಾವು ಒಂದು ಡಬ್ಬದಲ್ಲಿ ಮಾಡಿಕೊಡಬಹುದು. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬ, ಪಕ್ಕದಲ್ಲಿ ಹಾವು ನುಗ್ಗುವಷ್ಟು ತೂತು. ತೂತಿನ ಅಂಚನ್ನು ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿ. ಒಳಗೆ ಸ್ಫ್ಯಾಗ್ನಮ್ ಪಾಚಿ ಹಾಕಬಹುದು. ನಮ್ಮ ಕಡೆ ಸುಲಭವಾಗಿ ಸಿಗುವುದು ತೆಂಗಿನ ನಾರಿನ ಪುಡಿ, ಅದೂ ಚೆನ್ನಾಗಿ ನಡೆಯುತ್ತದೆ. ನೀರಲ್ಲಿ ನೆನೆಸಿ, ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಹಿಂಡಿ. ಮತ್ತೆ ಹಿಂಡಿದರೆ ಹನಿ ಬೀಳಬಾರದು, ಅಂಗೈ ಮಾತ್ರ ತಣ್ಣಗಾಗಬೇಕು. ಅದೇ ಹದ. ಡಬ್ಬವನ್ನು ಬಿಸಿ ಮತ್ತು ತಂಪು ಭಾಗದ ನಡುವೆ ಇಡಿ.

ಅಡಿಕೆ ಹಾಳೆ ಬಗ್ಗಿಸಿ ಅಡಗುಗೂಡು ಮಾಡುವುದೂ ನನಗೆ ಇಷ್ಟ. ಹಾಳೆಯ ಹೊರಮೈ ಒರಟು, ಮೂತಿ ಉಜ್ಜಿ ಪೊರೆ ಬಿಡಿಸಿಕೊಳ್ಳಲು ಹೇಳಿ ಮಾಡಿಸಿದ ಹಾಗಿದೆ. ಆದರೆ ಬೇಸಿಗೆಯಲ್ಲಿ ಮಾತ್ರ. ಮಳೆಗಾಲದಲ್ಲಿ ವಾರದೊಳಗೆ ಬೂಸಲು ಹಿಡಿಯುತ್ತದೆ.

ಒಣ ದಿನಗಳ ಮಾತು ಇಷ್ಟಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮಸ್ಯೆ ಉಲ್ಟಾ. ಆಗ ತೇವ ಜಾಸ್ತಿಯಾಗಿ ನೆಲ ಒದ್ದೆ ನಿಂತರೆ ಹೊಟ್ಟೆಯ ಹುರುಪೆ ಕಂದಾಗಿ ಗುಳ್ಳೆ ಏಳುತ್ತದೆ. ಅದು ಚರ್ಮದ ಸೋಂಕು. ಮಳೆಗಾಲದಲ್ಲಿ ಮುಚ್ಚಳದ ಹಾಳೆ ತೆಗೆದುಬಿಡಿ, ನೆಲಹಾಸು ಒಣಗಿರಲಿ. ಕರೆಂಟ್ ಹೋಗಿ ಪೆಟ್ಟಿಗೆ ತಣ್ಣಗಾದಾಗ ಇನ್ನೂ ಹುಷಾರು. ತಂಪು ಮತ್ತು ತೇವ ಎರಡೂ ಸೇರಿದರೆ ಶ್ವಾಸಕೋಶಕ್ಕೆ ಕೆಟ್ಟದ್ದು.

ಅಂಟಿದ ಪೊರೆ ಬಿಡಿಸುವುದು

ಪೊರೆ ಅಂಟಿಯೇ ಬಿಟ್ಟಿದೆ ಅಂದಾಗ ಕೈ ತುರಿಸುತ್ತದೆ. ಎಳೆಯಬೇಡಿ. ಅಡಿಯ ಹೊಸ ಚರ್ಮ ಇನ್ನೂ ಎಳೆಯದು, ಕಿತ್ತು ಬರುತ್ತದೆ. ತೆಂಗಿನೆಣ್ಣೆ ಹಚ್ಚು ಅಂತ ಎಲ್ಲರೂ ಹೇಳುತ್ತಾರೆ. ಒಣಗಿದ ಪೊರೆಗೆ ಬೇಕಾಗಿರುವುದು ನೀರು, ಎಣ್ಣೆ ಆ ಕೆಲಸ ಮಾಡುವುದಿಲ್ಲ.

ನಾನು ಮಾಡಿದ್ದು ಹೀಗೆ. ಅಗಲವಾದ ಡಬ್ಬದಲ್ಲಿ ಹಾವಿನ ಮೈಯ ಅರ್ಧ ಎತ್ತರಕ್ಕೆ ಬರುವಷ್ಟು ನೀರು ಹಾಕಿದೆ. ನೀರು 28ರಿಂದ 30 ಡಿಗ್ರಿ, ಥರ್ಮಾಮೀಟರ್ ಇಟ್ಟೇ ನೋಡಿದ್ದು. ಬಚ್ಚಲ ಹಂಡೆಯ ನೀರನ್ನು ಕೈ ಅಂದಾಜಿನಲ್ಲಿ ಬೆರೆಸಬೇಡಿ. ನಮಗೆ ಹಿತವಾದ ಸ್ನಾನದ ನೀರು ಹಾವಿಗೆ ಸುಡುತ್ತದೆ. ಇಪ್ಪತ್ತು ನಿಮಿಷ ಪಕ್ಕದಲ್ಲೇ ಕೂತಿದ್ದೆ. ಆಮೇಲೆ ಒದ್ದೆ ಟವೆಲನ್ನು ಎರಡು ಮಡಿಕೆ ಮಾಡಿ ಕೈಯಲ್ಲಿ ಸಡಿಲವಾಗಿ ಹಿಡಿದು, ಜೋನಿಯನ್ನು ಅದರೊಳಗೆ ಹರಿಯಲು ಬಿಟ್ಟೆ. ನಾನು ಎಳೆಯಲಿಲ್ಲ, ಅದೇ ಮುಂದೆ ಹೋಯಿತು. ಎರಡನೇ ಸುತ್ತಿಗೆ ಕುತ್ತಿಗೆಯ ಪಟ್ಟಿಯ ಅಂಚು ಎದ್ದಿತು, ಈರುಳ್ಳಿ ಸಿಪ್ಪೆಯ ಹಾಗೆ. ಮೂರನೇ ಸುತ್ತಿಗೆ ಟವೆಲಿನಲ್ಲೇ ಉಳಿಯಿತು.

ಬಾಲದ ಉಂಗುರವನ್ನು ಮಾತ್ರ ಅಸಡ್ಡೆ ಮಾಡಬಾರದು. ಅದು ಒಣಗಿ ಬಿಗಿಯುತ್ತದೆ, ಬೆರಳಿಗೆ ದಾರ ಸುತ್ತಿದ ಹಾಗೆ. ಒಂದರ ಮೇಲೊಂದು ಸೇರಿದರೆ ರಕ್ತ ಓಡದೆ ಬಾಲದ ತುದಿ ಕಪ್ಪಾಗಿ ಸಾಯುತ್ತದೆ. ಒದ್ದೆ ಹತ್ತಿ ಸುತ್ತಿ ಹತ್ತು ನಿಮಿಷ ಬಿಟ್ಟು, ಹೆಬ್ಬೆರಳಿನಿಂದ ತುದಿಯ ಕಡೆಗೆ ಮೆಲ್ಲಗೆ ಸರಿಸಿದೆ. ಅವತ್ತು ಬರಲಿಲ್ಲ. ಮರುದಿನ ಬಂತು.

ಕಣ್ಣಿನ ಬಿಲ್ಲೆ

ಬಿಟ್ಟ ಪೊರೆಯನ್ನು ಎಸೆಯುವ ಮೊದಲು ತಲೆಯ ಭಾಗವನ್ನು ನೀರಲ್ಲಿ ನೆನೆಸಿ ಬಿಡಿಸಿ, ಬೆಳಕಿಗೆ ಹಿಡಿಯಿರಿ. ಎರಡು ಕಣ್ಣಿನ ಜಾಗದಲ್ಲಿ ಎರಡು ಗುಂಡನೆ ಬಿಲ್ಲೆ ಇರಬೇಕು, ಪುಟ್ಟ ಗಡಿಯಾರದ ಗಾಜಿನಂತೆ ಉಬ್ಬಿರುತ್ತವೆ. ಬಿಲ್ಲೆಯ ಬದಲು ತೂತು ಇದ್ದರೆ ಅದು ಹಾವಿನ ಕಣ್ಣಲ್ಲೇ ಉಳಿದಿದೆ. ಜೋನಿಯ ಚೂರುಗಳನ್ನೆಲ್ಲ ಬಿಳಿ ತಟ್ಟೆಯಲ್ಲಿ ಜೋಡಿಸಿದೆ. ಬಲಗಡೆ ಬಿಲ್ಲೆ ಇತ್ತು. ಎಡಗಡೆ ತೂತು.

ಇಲ್ಲಿ ಚಿಮಟ, ಉಗುರು, ಅಂಟುಪಟ್ಟಿ ಯಾವುದೂ ಬೇಡ. ಹಳೆ ಬಿಲ್ಲೆಯ ಜೊತೆ ಕೆಳಗಿನ ಹೊಸದೂ ಕಿತ್ತರೆ ಕಣ್ಣೇ ಹೋಗುತ್ತದೆ. ಒಂದೇ ಬಿಲ್ಲೆ ಉಳಿದಿದ್ದು, ಕಣ್ಣು ಊದಿಲ್ಲ, ಕೆಂಪಾಗಿಲ್ಲ ಅಂದರೆ ತೇವ ಸರಿಮಾಡಿ ಮುಂದಿನ ಪೊರೆವರೆಗೆ ಕಾಯಬಹುದು. ಎರಡನೇ ಸಲವೂ ಉಳಿದರೆ ವೈದ್ಯರ ಹತ್ತಿರ ಹೋಗಿ. ಕಣ್ಣಿನ ಮೇಲೆ ಸಣ್ಣ ತಗ್ಗು ಮಾತ್ರ ಕಂಡರೆ ಅದು ನೀರು ಕಡಿಮೆಯಾದದ್ದೂ ಇರಬಹುದು. ಎರಡು ದಿನ ತೇವ ಏರಿಸಿದಾಗ ತುಂಬಿಕೊಳ್ಳುತ್ತದೆ.

ತೇವ ಸರಿಯಿದ್ದೂ ಪೊರೆ ಕೆಟ್ಟರೆ

ಆಗ ಮೈಮೇಲೆ ಹುಳ (ಮೈಟ್) ಇದೆಯಾ ನೋಡಿ. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು, ಕಣ್ಣಿನ ಸುತ್ತ, ಗದ್ದದ ಮಡಿಕೆಯಲ್ಲಿ. ನೀರಿನ ಬಟ್ಟಲಿನ ತಳದಲ್ಲಿ ಸತ್ತು ಬಿದ್ದಿರುತ್ತವೆ. ಒದ್ದೆ ಬಿಳಿ ಟಿಶ್ಯೂವಿನಿಂದ ಹಾವಿನ ಮೈ ಒರೆಸಿದರೆ ಚುಕ್ಕೆಗಳು ಅಂಟಿ ಬರುತ್ತವೆ. ಹಾವು ದಿನವಿಡೀ ನೀರಲ್ಲೇ ಮುಳುಗಿ ಕೂತರೆ ಹುಳದ ಅನುಮಾನ ಬಲವಾಗುತ್ತದೆ. ಪೆಟ್ಟಿಗೆ ಜಾಸ್ತಿ ಬಿಸಿಯಾದರೂ ಹಾಗೆ ಮಾಡುತ್ತದೆ, ಅದಕ್ಕೆ ಮೊದಲು ಶಾಖ ನೋಡಿ: ಬಿಸಿ ಕಡೆ 31ರಿಂದ 33, ತಂಪು ಕಡೆ 24ರಿಂದ 27 ಡಿಗ್ರಿ. ಬಲ್ಬಿಗೆ ಶಾಖ ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇರಲೇಬೇಕು. ನಾಯಿಯ ಉಣ್ಣೆಗೆ ಹೊಡೆಯುವ ಔಷಧಿ, ಫಿನೈಲ್, ನುಸಿಗುಳಿಗೆ ಯಾವುದನ್ನೂ ಹಾವಿನ ಹತ್ತಿರ ತರಬೇಡಿ. ಔಷಧಿ ಯಾವುದು, ಎಷ್ಟು ಅಂತ ವೈದ್ಯರು ಹೇಳಲಿ.

ಹಳೆ ಗಾಯದ ಗುರುತಿನ ಮೇಲೆ ಮಾತ್ರ ಪ್ರತಿ ಸಲ ಚೂರು ಉಳಿಯುವುದು ಸಹಜ. ದೊಡ್ಡ ಹಾವು ಎರಡು ಮೂರು ವಾರಕ್ಕೊಮ್ಮೆ ಪೊರೆ ಬಿಡುತ್ತಿದ್ದರೆ ಸಹಜ ಅಲ್ಲ, ತೋರಿಸಿ. ಮರಿಗಳು ಬೇಗ ಬೆಳೆಯುತ್ತವೆ, ಅವು ನಾಲ್ಕರಿಂದ ಆರು ವಾರಕ್ಕೊಮ್ಮೆ ಬಿಡುತ್ತವೆ. ಹಾವನ್ನಾಗಲಿ ಪೊರೆಯನ್ನಾಗಲಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಸರೀಸೃಪಗಳ ಮೈಯಲ್ಲಿ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇರಬಹುದು. ಮಕ್ಕಳು ಪೊರೆಯನ್ನು ಪುಸ್ತಕದಲ್ಲಿ ಇಟ್ಟುಕೊಳ್ಳುತ್ತೇವೆ ಅಂತ ಕೇಳಿದರೆ ಗಾಜಿನ ಚೌಕಟ್ಟಿನಲ್ಲಿ ಹಾಕಿ ಕೊಡಿ.

ಗೋಡೆಯ ಕ್ಯಾಲೆಂಡರಿನಲ್ಲಿ ನಾನು ಮೂರು ಗುರುತು ಹಾಕುತ್ತೇನೆ. ಕಣ್ಣು ಮಂಜಾದ ದಿನ, ತಿಳಿಯಾದ ದಿನ, ಪೊರೆ ಬಿಟ್ಟ ದಿನ. ಪಕ್ಕದಲ್ಲಿ ಪೆಟ್ಟಿಗೆಯ ಒಳಗಿನ ತೇವದ ಅಂಕಿ. ಮಾರ್ಚ್‌ನಲ್ಲಿ ಜೋನಿಯ ಕಣ್ಣು ಮತ್ತೆ ಮಂಜಾಯಿತು. ತೇವ ಶೇ. 68 ಇತ್ತು. ತಿಳಿಯಾದ ಮೂರನೇ ರಾತ್ರಿ ತೇವದ ಗೂಡಿನೊಳಗೆ ಸರಸರ ಸದ್ದು ಕೇಳಿತು. ಬೆಳಗ್ಗೆ ಡಬ್ಬ ತೆಗೆದರೆ ಒಂದೇ ತುಂಡು, ಬಾಲದ ತುದಿಯವರೆಗೆ. ತಲೆಯ ಭಾಗ ನೆನೆಸಿ ಕಿಟಕಿಗೆ ಹಿಡಿದೆ. ಬಲಗಡೆಯ ಬಿಲ್ಲೆ ತೆಳ್ಳಗೆ, ಗಾಜಿನ ಹಾಗೆ. ಎಡಗಡೆಯದು ದಪ್ಪ, ಸ್ವಲ್ಪ ಹಳದಿ. ಬೆರಳ ತುದಿಯಲ್ಲಿ ಮೆಲ್ಲಗೆ ಉಜ್ಜಿದಾಗ ಅದು ಎರಡು ಪದರವಾಗಿ ಬಿಚ್ಚಿಕೊಂಡಿತು.